ಉಡಿ ತುಂಬಿದರೆ ಸಾಲದು

"ಹೊಂದಿಕೊಳ್ಳಲಿಲ್ಲಂತ."

ಪರದೇಶದ ಹೆಣ್ಣನ್ನು ಮದುವೆಯಾಗಿ ಊರಿಗೆ ಮರಳಿದ ಹುಡುಗನ ಸಂಸಾರ ಎಲ್ಲಿಯೇ ಕೆಡಲಿ, ನಮ್ಮ ಜನ ಕೊಡುವ ತೀರ್ಪು ಇದೊಂದೇ. ಇದಕ್ಕೆ ಸಾಕ್ಷಿ ಬೇಡ, ವಿಚಾರಣೆ ಬೇಡ, ಮೇಲ್ಮನವಿಯಂತೂ ಇಲ್ಲವೇ ಇಲ್ಲ. ಆಕೆ ಹೊಂದಿಕೊಳ್ಳಲಿಲ್ಲ, ಹೋದಳು. ಹುಡುಗ ಪಾಪ, ಬಲು ಒಳ್ಳೆಯವನು. ಚಹದ ಬಸಿ ಕೆಳಗಿಡುವಷ್ಟರಲ್ಲಿ ಖಟ್ಲೆ ಮುಗಿದಿರುತ್ತದೆ. ಈ ತೀರ್ಪನ್ನು ಕೇಳಿ ಕೇಳಿ ನನ್ನ ಕಿವಿ ದಣಿದಿವೆ. ಇದು ಅನ್ಯಾಯದ ತೀರ್ಪು ಎಂದು ನಾನು ವಾದಿಸುತ್ತೇನೆ. ಕಟಕಟೆಯಲ್ಲಿ ನಿಲ್ಲಬೇಕಾದವನು ಆ 'ಒಳ್ಳೆಯ ಹುಡುಗ'ನೇ. ಅವನ ಹಿಂದೆ ಎರಡು ಹೆಜ್ಜೆ ಬಿಟ್ಟು ನಮ್ಮ ಊರೂ ನಿಲ್ಲಬೇಕು, ನಮ್ಮ ಸರಕಾರದ ಕಾಯದೆಯೂ ನಿಲ್ಲಬೇಕು.

ನಾನು ಗುಳೇದಗುಡ್ಡದವನು, ಮೂವತ್ತು ವರ್ಷ ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರ. ನಮ್ಮ ಕಡೆ ಗುಳೇ ಎಂದರೇನೆಂಬುದನ್ನು ಬೆಂಗಳೂರಿನ ಓದುಗರಿಗೆ ಹೇಳಬೇಕಾದೀತು. ಬರ ಬಿದ್ದಾಗ, ದಂಡು ಬಂದಾಗ, ಮನೆಗೆ ಅಗಳಿ ಹಾಕಿ ಗಂಟುಮೂಟೆ ಹೊತ್ತು ಹೊರಡುವುದೇ ಗುಳೇ. ಹಾಗೆ ಬಂದವರು ನೆಲೆ ನಿಂತ ಗುಡ್ಡವೇ ಗುಳೇದಗುಡ್ಡ ಎಂದು ಹಿರಿಯರು ಊರಿನ ಹೆಸರಿಗೆ ಅರ್ಥ ಹೇಳುತ್ತಾರೆ. ಈ ಅರ್ಥವನ್ನು ಒಪ್ಪಿದರೆ, ನಾವು ಇಲ್ಲಿಯ ಮೂಲದವರೆಂದು ಮೀಸೆ ತಿರುವುವ ಹಕ್ಕು ಗುಡ್ಡದ ಕೆಂಪು ಕಲ್ಲಿಗೆ ಮಾತ್ರ ಉಳಿಯುತ್ತದೆ. ಇಂದಿಗೂ ನಮ್ಮ ಜಿಲ್ಲೆಯ ಕೂಲಿಕಾರರು ಗೋವೆಗೆ, ಮಂಗಳೂರಿಗೆ ದುಡಿಯಲು ಹೋದರೆ ಅದು ಗುಳೇ. ಅದೇ ಓಣಿಯ ಹುಡುಗ ಇಂಜಿನಿಯರನಾಗಿ ಜರ್ಮನಿಗೆ ಹೋದರೆ ಮಾತ್ರ ಯಾರೂ ಹಾಗೆನ್ನುವುದಿಲ್ಲ. 'ಫಾರಿನ್ನಿಗೆ ಹೋಗ್ಯಾನ' ಎನ್ನುತ್ತಾರೆ. ಹೊಟ್ಟೆಯ ಪಾಡು ಎರಡು ಕಡೆಗೂ ಒಂದೇ. ಇರಲಿ.

ಇನ್ನೊಂದು ಮಾತು. ಸಂಸ್ಕೃತದಲ್ಲಿ ಪರದೇಶಿ ಎಂದರೆ ಬೇರೆ ದೇಶದವನು, ಅಷ್ಟೇ. ನಮ್ಮ ಆಡುಮಾತಿನಲ್ಲಿ ಪರದೇಶಿ ಎಂದರೆ ದಿಕ್ಕಿಲ್ಲದವನು, ಹಿಂದುಮುಂದು ಇಲ್ಲದವನು. ತಾಯಿತಂದೆ ಸತ್ತ ಕೂಸನ್ನು ಕಂಡು ಮುದುಕಿಯರು 'ಪರದೇಶಿ ಆತವ್ವಾ' ಎಂದು ಕಣ್ಣೊರೆಸಿಕೊಳ್ಳುತ್ತಾರೆ. ಬೇರೆ ದೇಶದಲ್ಲಿರುವುದೇ ಅನಾಥನಾಗಿರುವುದು ಎಂಬುದನ್ನು ನಮ್ಮ ಹಿಂದಿನವರು ಗುಳೇ ಹೋಗಿ, ಉಂಡು ಅರಿತಿದ್ದರು. ಅದನ್ನು ಒಂದು ಶಬ್ದದಲ್ಲಿ ಕಟ್ಟಿಟ್ಟು ಹೋಗಿದ್ದಾರೆ. ಶಬ್ದ ನಮ್ಮಲ್ಲಿ ಉಳಿದಿದೆ, ಅರಿವು ಹೋಗಿದೆ.

ನನಗೆ ಹತ್ತಿರದ ಒಂದು ಮನೆಯ ಸಂಗತಿ ಹೇಳುತ್ತೇನೆ, ಹೆಸರು ಬೇಡ. ಹುಡುಗ ಜರ್ಮನಿಗೆ ಹೋದ, ಹತ್ತು ವರ್ಷ ಇದ್ದ, ಅಲ್ಲಿಯವಳನ್ನೇ ಮದುವೆಯಾದ. ತಂದೆಗೆ ಪಾರ್ಶ್ವವಾಯು ಬಡಿಯಿತು, ತಾಯಿಗೆ ಮೊಣಕಾಲು ಹಿಡಿದವು. ಒಬ್ಬನೇ ಮಗ. 'ಇನ್ನು ತಾಯ್ನಾಡಿನಲ್ಲೇ ಇರುತ್ತೇನೆ' ಎಂದು ಹೆಂಡತಿಯನ್ನು ಕರೆದುಕೊಂಡು ಬಂದ. ಊರಿಗೆ ಊರೇ ಅವನನ್ನು ಹೊಗಳಿತು. ಸರಿ, ಬಂದವನು ಎಲ್ಲಿದ್ದ? ಅವನ ನೌಕರಿ ಬೆಂಗಳೂರಿನಲ್ಲಿ. ವಾರಕ್ಕೆ ಐದು ದಿನ ಅಲ್ಲಿ. ಶನಿವಾರ ರಾತ್ರಿಯ ರೈಲಿನಿಂದ ಬಾದಾಮಿಗೆ ಇಳಿದು ಊರಿಗೆ ಬರುವುದು, ಭಾನುವಾರ ಗೆಳೆಯರೊಡನೆ ಹರಟೆ ಹೊಡೆದು ಸಂಜೆ ಹಿಂದಿರುಗುವುದು. ಮಾವನನ್ನು ಎತ್ತಿ ಕೂಡಿಸಿದವಳು ಆಕೆ. ಅತ್ತೆಯ ಮೊಣಕಾಲಿಗೆ ಎಣ್ಣೆ ತಿಕ್ಕಿದವಳು ಆಕೆ. ಮಾತೃಭೂಮಿಯ ಸೇವೆ ಮಾಡಿದ ಕೀರ್ತಿ ಹುಡುಗನಿಗೆ ಬಂತು. ಸೇವೆ ಮಾಡಿದ ಕೈ ಪರದೇಶದ್ದು. ಎರಡು ವರ್ಷದ ಮೇಲೆ ಆಕೆ ತವರಿಗೆ ಹೋದಳು, ತಿರುಗಿ ಬಂದಿಲ್ಲ. ಊರು ತನ್ನ ಒಂದು ಶಬ್ದದ ತೀರ್ಪು ಕೊಟ್ಟಿತು.

ಆಕೆಗೆ ಊಟ ಒಗ್ಗಲಿಲ್ಲ, ಬಿಸಿಲು ಒಗ್ಗಲಿಲ್ಲ ಎಂದು ನೀವು ತಿಳಿದರೆ ಅದು ಸುಳ್ಳು. ರೊಟ್ಟಿಯನ್ನೂ ಗುರೆಳ್ಳು ಚಟ್ನಿಯನ್ನೂ ಆಕೆ ನನಗಿಂತ ಚೆನ್ನಾಗಿ ಉಣ್ಣುತ್ತಿದ್ದಳು. ಬಾದಾಮಿಯ ಗುಡ್ಡಗಳು ಕಾದ ಹಂಚಿನಂತಾಗುವ ಏಪ್ರಿಲ್ ಮೇ ತಿಂಗಳುಗಳನ್ನು ಎರಡು ಸಲ ತಾಳಿಕೊಂಡಳು. ಆಕೆಗೆ ಸಿಕ್ಕದೆ ಹೋದದ್ದು ಮಾತು.

ಇಲ್ಲಿ ಸ್ವಲ್ಪ ನಿಲ್ಲಬೇಕು, ಏಕೆಂದರೆ ನನ್ನ ತಕರಾರಿನ ಬೇರು ಇಲ್ಲಿದೆ. ಗಂಡಹೆಂಡಿರು ಮನೆಯಲ್ಲಿ ಆಡುತ್ತಿದ್ದುದು ಇಂಗ್ಲೀಷು. ಅತ್ತೆಗೆ ಇಂಗ್ಲೀಷು ಬಾರದು. ಆದ್ದರಿಂದ ಮಗ ದುಭಾಷಿಯಾದ. ದುಭಾಷಿಯ ಕೆಲಸ ಎಂಥದೆಂಬುದನ್ನು ಆ ಮನೆಯ ಪಡಸಾಲೆಯಲ್ಲಿ ಕೂತು ನಾನು ಕಣ್ಣಾರೆ ಕಂಡಿದ್ದೇನೆ. ತಾಯಿ ಹತ್ತು ನಿಮಿಷ ತನ್ನ ಕಷ್ಟಸುಖ ಹೇಳಿಕೊಳ್ಳುವಳು; ಸೊಸೆ ಗಂಡನ ಮುಖ ನೋಡುವಳು; ಅವನು ಎರಡು ಶಬ್ದದಲ್ಲಿ 'ಏನೂ ಇಲ್ಲ, ಸುಮ್ಮನೆ' ಎಂದು ಮುಗಿಸುವನು. ಸೊಸೆ ಏನೋ ಕೇಳುವಳು. ಅವನು ತಾಯಿಗೆ 'ಅಕಿಗೆ ಸಾಕಂತ' ಎನ್ನುವನು. ಹಿಂದೆ ಪೇಟೆಯ ಬಾಗಿಲಲ್ಲಿ ಸುಂಕದ ಕಟ್ಟೆ ಇರುತ್ತಿತ್ತು. ಮಾಲೆಲ್ಲ ಅಲ್ಲಿ ಇಳಿದು, ಸುಂಕದವನು ತೆಗೆದುಕೊಳ್ಳುವಷ್ಟು ತೆಗೆದುಕೊಂಡು, ಉಳಿದದ್ದು ಒಳಗೆ ಹೋಗಬೇಕು. ಈ ಹುಡುಗ ತನ್ನ ತಾಯಿಗೂ ಹೆಂಡತಿಗೂ ನಡುವೆ ಅಂಥದೊಂದು ಕಟ್ಟೆ ಹಾಕಿಕೊಂಡು ಕೂತ. ಭಾನುವಾರ ಸಂಜೆ ಅವನು ರೈಲು ಹತ್ತಿದ ಮೇಲೆ ಆ ಬಾಗಿಲೂ ಮುಚ್ಚಿತು.

ಆಕೆಗೆ ಕನ್ನಡ ಬರುತ್ತಿರಲಿಲ್ಲವೆ? ಬರುತ್ತಿತ್ತು, ಮೂವತ್ತು ಶಬ್ದ. ನಮಸ್ಕಾರ್ರಿ, ಬರ್ರಿ, ಕೂಡ್ರಿ, ಚಲೋ ಐತಿ, ಸಾಕ್ರಿ, ಇನ್ನೂ ಸ್ವಲ್ಪ ಹಾಕಲೆ. ಕೇಳಿದವರೆಲ್ಲ ಚಪ್ಪಾಳೆ ತಟ್ಟಿದರು. ಕನ್ನಡ ಮಾಸ್ತರನಾದ ನಾನು ಆ ಪಟ್ಟಿಯನ್ನೇ ಯೋಚಿಸುತ್ತ ಕೂತೆ. ಬಂದವರನ್ನು ಉಪಚರಿಸುವ ಶಬ್ದಗಳೆಲ್ಲ ಅದರಲ್ಲಿದ್ದವು. 'ಯಾಕ?' ಇರಲಿಲ್ಲ. 'ನನಗ ಒಪ್ಪಿಗಿಲ್ಲ' ಇರಲಿಲ್ಲ. 'ಇದಕ್ಕ ಎಷ್ಟು ಕೊಟ್ರಿ?' ಇರಲಿಲ್ಲ. ಬೈಯಲಿಕ್ಕೆ ಒಂದು ಶಬ್ದವನ್ನೂ ಆ ಪುಣ್ಯಾತ್ಮ ಕಲಿಸಿರಲಿಲ್ಲ. ಬೈಯಲು ಬಾರದ ಭಾಷೆಯಲ್ಲಿ ಯಾರಾದರೂ ಸಂಸಾರ ಮಾಡಿಯಾರೆ? ಇದಕ್ಕಿಂತ ಹೆಚ್ಚು ಕಲಿಸಿದವಳು ಅತ್ತೆಯೇ. ಅಡಿಗೆಮನೆಯಲ್ಲಿ ಹಿಟ್ಟು ತೋರಿಸಿ 'ನಾದು', ಹಂಚು ತೋರಿಸಿ 'ಕಾದೈತಿ, ಮುಟ್ಟಬ್ಯಾಡ' ಎಂದು ಹೇಳುತ್ತ ಎರಡು ವರ್ಷ ಆಕೆ ಪಾಠ ಮಾಡಿದಳು. ಇದರಲ್ಲಿ ಸೋಜಿಗವಿಲ್ಲ. ಆ ಅತ್ತೆಯೂ ಹದಿನೇಳರ ಪ್ರಾಯದಲ್ಲಿ ಇಲಕಲ್ಲಿನಿಂದ ಈ ಮನೆಗೆ ಬಂದವಳು. ಹೊಸ ಮನೆಯಲ್ಲಿ ಬಾಯಿ ಬಿಗಿದುಕೊಂಡು ಕೂಡುವುದೆಂದರೇನೆಂದು ಆಕೆ ಮರೆತಿರಲಿಲ್ಲ. ಅತ್ತೆಸೊಸೆಯರ ಜಗಳವನ್ನೇ ನಾಟಕದಲ್ಲೂ ಸಿನೆಮಾದಲ್ಲೂ ನೋಡಿ ಬೆಳೆದ ನಮಗೆ ಇದು ಕಾಣುವುದಿಲ್ಲ.

ಊರು ಮಾಡಿದ್ದೇನು? ಉಡಿ ತುಂಬಿತು. ನಮ್ಮ ಊರಿನ ಖಣದ ಹೆಸರು ಕೇಳದ ಮುತ್ತೈದೆ ಉತ್ತರ ಕರ್ನಾಟಕದಲ್ಲಿ ಇಲ್ಲ, ಮಹಾರಾಷ್ಟ್ರದಲ್ಲೂ ಅಪರೂಪ. ಕುಪ್ಪಸಕ್ಕೆಂದೇ ನೇಯುವ ವಸ್ತ್ರ. ಅದರೊಳಗೆ ತೇರು, ತೊಟ್ಟಿಲು, ಆನೆಹೆಜ್ಜೆ. ಅಕ್ಕಿ, ತೆಂಗಿನಕಾಯಿ, ಉತ್ತತ್ತಿ, ಅರಿಷಿಣದ ಕೊಂಬು, ಇವುಗಳ ಜತೆಗೆ ಒಂದು ಖಣವನ್ನು ಸೆರಗಿಗೆ ಹಾಕಿದರೆ 'ನೀನು ನಮ್ಮವಳು' ಎಂದು ಹೇಳಿದಂತೆ. ಆ ಹೆಣ್ಣುಮಗಳಿಗೂ ಇಲಕಲ್ಲ ಸೀರೆ ಉಡಿಸಿ, ಖಣದ ಕುಪ್ಪಸ ತೊಡಿಸಿ, ಉಡಿ ತುಂಬಿ, ಫೋಟೋ ತೆಗೆದರು. ಆ ಫೋಟೋ ಇಡೀ ಜಿಲ್ಲೆಯಲ್ಲಿ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. 'ನೋಡ್ರಿ, ನಮ್ಮ ಸಂಸ್ಕೃತಿ ಎಂಥಾದ್ದು!' ಎಂದು ಹಿಗ್ಗಿದವರೇ ಎಲ್ಲ. ನಮ್ಮ ಸಂಸ್ಕೃತಿಯ ಮೇಲೆ ನನಗೂ ಅಭಿಮಾನವುಂಟು. ಆದರೆ ಆ ಫೋಟೋದ ದಿನ ಮನೆಗೆ ಬಂದ ಹೆಂಗಸರಲ್ಲಿ ಎಷ್ಟು ಮಂದಿ ಮರುದಿನ ಹೋಗಿ ಆಕೆಯ ಜತೆ ಕಟ್ಟೆಯ ಮೇಲೆ ಕೂತರು? ಮಾಟವಾದ ಗೊಂಬೆಯನ್ನು ಶೃಂಗರಿಸಿ ನೋಡಿ ಸಂತೋಷಪಟ್ಟು ಅವರವರ ಮನೆಗೆ ಹೋದರು.

ನಮ್ಮ ನೇಕಾರರಿಗೆ ಗೊತ್ತಿರುವ ಒಂದು ಸಂಗತಿ ಉಂಟು. ಮಗ್ಗದ ಮೇಲೆ ಹಾಸು ಬಿಗಿದು ನಿಂತಿರುತ್ತದೆ. ಲಾಳಿಯೊಳಗಿನ ಹೊಕ್ಕು ಹೊರಗಿನಿಂದ ಬರುತ್ತದೆ. ಕಾಲಿನಿಂದ ತುಳಿದು ಹಾಸಿನ ಎಳೆಗಳನ್ನು ಎತ್ತಿ ದಾರಿ ಬಿಡಿಸದಿದ್ದರೆ ಲಾಳಿ ಎಂಥ ಜಾಣನ ಕೈಯಲ್ಲಿದ್ದರೂ ಹಾಯುವುದಿಲ್ಲ. 'ಹೊಂದಿಕೊಂಡಳೇ?' ಎಂದು ಕೇಳುವವರು ತಾವು ಎಷ್ಟು ಎಳೆ ಎತ್ತಿದರು ಎಂಬುದನ್ನೂ ಹೇಳಲಿ.

ಇನ್ನು ನಮ್ಮ ಔದಾರ್ಯದ ಮಾತು. ಇದೇ ಹುಡುಗ ಜರ್ಮನಿಯವಳನ್ನು ಬಿಟ್ಟು ಪಕ್ಕದ ಓಣಿಯ ಬೇರೆ ಜಾತಿಯ ಹುಡುಗಿಯನ್ನು ತಂದಿದ್ದರೆ ಉಡಿ ತುಂಬುತ್ತಿದ್ದೆವೆ? ಓದುಗರು ಎದೆಯ ಮೇಲೆ ಕೈಯಿಟ್ಟು ಹೇಳಲಿ. ಪರದೇಶದವಳಿಗೆ ಜಾತಿ ಹಚ್ಚಲು ನಮಗೆ ಬರುವುದಿಲ್ಲ, ಆದ್ದರಿಂದ ಸುಲಭ. ಅಳಿಯನಾದರೆ ಇನ್ನೂ ಸುಲಭ. ನಮ್ಮ ಹುಡುಗಿ ಪರದೇಶದ ಗಂಡನನ್ನು ತಂದಾಗ ಅವನು ಹೊಂದಿಕೊಂಡನೇ ಎಂದು ಯಾರೂ ಕೇಳಿದ್ದಿಲ್ಲ. ಮೆಣಸಿನಕಾಯಿ ಕಡಿದು ಕಣ್ಣಲ್ಲಿ ನೀರು ತಂದುಕೊಂಡರೆ ಅದೇ ದೊಡ್ಡ ಗುಣ ಎಂದು ಹೋಳಿಗೆಯ ಮೇಲೆ ಹೋಳಿಗೆ ಬಡಿಸುತ್ತಾರೆ.

ಗುಳೇದಗುಡ್ಡಕ್ಕೆ ಪರದೇಶದ ಹೆಂಗಸರು ಹೊಸಬರಲ್ಲ. 1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನ್ನು 1851ರಲ್ಲಿ ನಮ್ಮ ಊರಿನಲ್ಲಿ ತನ್ನ ಠಾಣ್ಯ ಹೂಡಿತು. ಆ ಮಿಶನ್ನಿನ ಪಾದ್ರಿಗಳ ಹೆಂಡಂದಿರಲ್ಲಿ ಎಷ್ಟೋ ಮಂದಿ, ಮದುವೆಯಾಗಬೇಕಾದವನ ಮುಖವನ್ನೇ ಸರಿಯಾಗಿ ಕಾಣದೆ ಹಡಗು ಹತ್ತಿ ಬಂದವರು. ಅವರು ಬಂದುದು ತಮ್ಮ ಮತ ಹರಡಲಿಕ್ಕೆ. ಅದರ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ, ನನ್ನ ವಾದಕ್ಕೆ ಅದು ಸಂಬಂಧಿಸಿದ್ದಲ್ಲ. ಸಂಬಂಧಿಸಿದ್ದು ಇದು: ಭಾಷೆಯಿಲ್ಲದೆ ಇಲ್ಲಿ ಒಂದು ದಿನವೂ ಬಾಳಲಾಗದೆಂದು ಆ ಮಿಶನ್ನಿಗೆ ಗೊತ್ತಿತ್ತು. ಬಂದವರನ್ನು ಮೊದಲು ಕನ್ನಡ ಕಲಿಯಲು ಕೂಡಿಸಿದರು. ಅದೇ ಮಿಶನ್ನಿನ ಕಿಟ್ಟೆಲರು 1853ರಲ್ಲಿ ಬಂದು, ಕಲಿತು ಕಲಿತು, 1894ರಲ್ಲಿ ಸುಮಾರು 70,000 ಶಬ್ದಗಳ ನಿಘಂಟನ್ನೇ ನಮ್ಮ ಕೈಗಿತ್ತರು. ಅನ್ಯರು ನಮ್ಮ ಭಾಷೆಗೆ ಅಷ್ಟು ಬೆಲೆ ಕೊಟ್ಟರು. ನಮ್ಮ ಸ್ವಂತ ಮಗ ತನ್ನ ಹೆಂಡತಿಗೆ ಮೂವತ್ತು ಶಬ್ದ ಸಾಕೆಂದ!

ಓದಿದವರಾದರೂ ಇದನ್ನು ಬಲ್ಲರೆ? ಹಾಸನದಲ್ಲಿ ಹುಟ್ಟಿದ ರಾಜಾರಾಯರು 1931ರಲ್ಲಿ ಫ್ರಾನ್ಸಿನಲ್ಲಿ ಕಮೀಲ್ ಮೂಲಿ ಎಂಬಾಕೆಯನ್ನು ಮದುವೆಯಾದರು. ಅಲ್ಲಿದ್ದೇ ನಮ್ಮ ಧಾರವಾಡದ 'ಜಯ ಕರ್ನಾಟಕ'ಕ್ಕೆ ಕನ್ನಡದಲ್ಲಿ ಬರೆಯುತ್ತಿದ್ದರು. 1939ರಲ್ಲಿ ಭಾರತಕ್ಕೆ ಮರಳುವ ಹೊತ್ತಿಗೆ ಆ ದಾಂಪತ್ಯ ಮುರಿದಿತ್ತು. 1960ರಲ್ಲಿ ಬಂದ ಅವರ ಇಂಗ್ಲೀಷ್ ಕಾದಂಬರಿ 'ದಿ ಸರ್ಪೆಂಟ್ ಅಂಡ್ ದಿ ರೋಪ್' ಮೈಸೂರು ಸೀಮೆಯ ಗಂಡ, ಫ್ರೆಂಚ್ ಹೆಂಡತಿ, ಮುರಿದು ಬೀಳುವ ಮದುವೆ, ಇವುಗಳದೇ ಕಥೆ. ದೊಡ್ಡ ಕೃತಿಯೆನ್ನುತ್ತಾರೆ; ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಅದಕ್ಕೆ ಬಂದಿದೆ. ನನಗೆ ಮಾತ್ರ ಓದುವಾಗಲೆಲ್ಲ ಒಂದು ಸಂಶಯ: ಗಂಡನಿಗೆ ಭಾರತವೆಂಬುದು ಬರೀ ತತ್ತ್ವವಾಗಿ ನಿಂತರೆ ಹೆಂಡತಿ ಅಲ್ಲಿ ಒಲೆ ಹೂಡುವುದು ಎಲ್ಲಿ?

ರಾಜಕಾರಣದಲ್ಲೂ ನಾವು ಈ ಪ್ರಶ್ನೆಯನ್ನು ನಮ್ಮ ಅಂಗಳದಲ್ಲೇ ನೋಡಿದ್ದೇವೆ. 1999ರಲ್ಲಿ ಬಳ್ಳಾರಿಯ ಲೋಕಸಭಾ ಚುನಾವಣೆಗೆ ಸೋನಿಯಾ ಗಾಂಧಿಯವರೂ ಸುಷ್ಮಾ ಸ್ವರಾಜರೂ ಎದುರುಬದುರು ನಿಂತರು. ಒಂದು ಕಡೆ ವಿದೇಶಿ ಸೊಸೆ, ಇನ್ನೊಂದು ಕಡೆ ಸ್ವದೇಶಿ ಮಗಳು ಎಂದು ಭಾಷಣಗಳ ಮಳೆ ಸುರಿಯಿತು. ಆಗ ನನಗೆ ಮೆಚ್ಚಿಗೆಯಾದದ್ದು ಬೇರೆ. ಹರಿಯಾಣದ ಆ ಸ್ವದೇಶಿ ಮಗಳು ಬಳ್ಳಾರಿಗೆ ಬಂದು ಕನ್ನಡ ಕಲಿಯಲು ಕೂತರು, ಸಭೆಗಳಲ್ಲಿ ಕನ್ನಡದಲ್ಲೇ ಮಾತಾಡಿದರು! ಬಳ್ಳಾರಿಯ ಮತದಾರನಿಗೆ ಇಟಲಿಯೂ ಅಂಬಾಲೆಯೂ ದೂರದ ಊರೇ. ಅವನೊಡನೆ ಮಾತಾಡಬೇಕಾದರೆ ಇಬ್ಬರೂ ಕಲಿಯಲೇಬೇಕು. ಸುಮಾರು 56,000 ಮತಗಳಿಂದ ಗೆದ್ದವರು ಸೊಸೆ. ನಾನು ಯಾವ ಪಕ್ಷದ ಪರವಾಗಿಯೂ ಇದನ್ನು ಹೇಳುತ್ತಿಲ್ಲ. 1968ರಲ್ಲಿ ಮದುವೆಯಾದ ಅವರು ಭಾರತದ ಪೌರರಾದದ್ದು 1983ರಲ್ಲಿ. ನಡುವಿನ ಹದಿನೈದು ವರ್ಷವನ್ನು ವಿರೋಧಿಗಳು ಎತ್ತಿ ಆಡುತ್ತಾರೆ. ಹೆಣ್ಣೊಬ್ಬಳು ಹುಟ್ಟಿದ ನಾಡಿನ ಹಕ್ಕನ್ನು ಬಿಟ್ಟುಕೊಡುವ ಮುಂಚೆ ಹದಿನೈದು ವರ್ಷ ಯೋಚಿಸಿದರೆ ಅದರಲ್ಲಿ ಅಪರಾಧವೇನೆಂದು ನನಗೆ ತಿಳಿಯದು.

ಈಗ ಕಾಯದೆಗೆ ಬರೋಣ. ಇದನ್ನು ಓದುಗರು ಸ್ವಲ್ಪ ತಾಳ್ಮೆಯಿಂದ ಓದಬೇಕು. 1955ರ ಪೌರತ್ವ ಕಾಯದೆ ಭಾರತೀಯನ ಹೆಂಡತಿಗೆ ನೋಂದಣಿಯಿಂದ ಪೌರಳಾಗುವ ದಾರಿ ಕೊಟ್ಟಿತ್ತು. ಭಾರತೀಯಳ ಗಂಡನಿಗೆ ಆ ದಾರಿ ಇರಲಿಲ್ಲ. 1986ರ ತಿದ್ದುಪಡಿ ಇಬ್ಬರನ್ನೂ ಸಮ ಮಾಡಿ ಐದು ವರ್ಷದ ವಾಸ ಬೇಕೆಂದಿತು. 2003ರ ತಿದ್ದುಪಡಿ ಅದನ್ನು ಏಳಕ್ಕೆ ಏರಿಸಿತು. ಇಮ್ಮಡಿ ಪೌರತ್ವ ನಮ್ಮಲ್ಲಿಲ್ಲ; ಇದನ್ನು ಪಡೆದರೆ ಅದನ್ನು ಬಿಡಬೇಕು. ಬಿಡಲಾರದವರಿಗೆ ಓ.ಸಿ.ಐ. ಕಾರ್ಡು. 2015ರ ತಿದ್ದುಪಡಿಯ ಪ್ರಕಾರ ಮದುವೆ ನೋಂದಣಿಯಾಗಿ ಎರಡು ವರ್ಷ ಎಡೆಬಿಡದೆ ನಡೆದಿದ್ದರೆ ಪರದೇಶದ ಹೆಂಡತಿಯೋ ಗಂಡನೋ ಅದಕ್ಕೆ ಅರ್ಜಿ ಹಾಕಬಹುದು. ಮತ ಹಾಕುವಂತಿಲ್ಲ, ಸಾಗುವಳಿಯ ಜಮೀನು ಕೊಳ್ಳುವಂತಿಲ್ಲ. ಬರಲಿಕ್ಕೆ, ಇರಲಿಕ್ಕೆ ಅಡ್ಡಿಯಿಲ್ಲ. ಇಲ್ಲಿಯವರೆಗೆ ನನ್ನ ತಕರಾರು ಕಡಮೆ.

ತಕರಾರು ಮುಂದಿನದಕ್ಕೆ. ಹೀಗೆ ಮದುವೆಯಿಂದ ಬಂದ ಕಾರ್ಡನ್ನು, ವಿಚ್ಛೇದನವಾದರೆ, ರದ್ದುಮಾಡುವ ಅಧಿಕಾರ ಸರಕಾರಕ್ಕಿದೆ. ಇಪ್ಪತ್ತು ವರ್ಷ ಈ ನೆಲದ ಮೇಲೆ ಬಾಳಲಿ, ಅತ್ತೆಮಾವಂದಿರ ಮಲಮೂತ್ರ ಬಳಿಯಲಿ, ಇಲ್ಲಿಯೇ ಮಕ್ಕಳನ್ನು ಹಡೆದು ಸಾಲೆಗೆ ಕಳಿಸಲಿ. ಗಂಡ ಬಿಟ್ಟ ದಿನ ಆಕೆಯ ಕಾಲ ಕೆಳಗಿನ ನೆಲವೂ ಅಲುಗುತ್ತದೆ. ಇದು ಹೊಸ ಕಥೆಯಲ್ಲ. ಅಮೆರಿಕದಲ್ಲಿ 1907ರ ಕಾನೂನಿನಂತೆ ಪರದೇಶದವನನ್ನು ಮದುವೆಯಾದ ಅಮೆರಿಕದ ಹೆಣ್ಣು ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು. 1922ರಲ್ಲಿ ಅದನ್ನು ಸಡಿಲಿಸಿದರೂ, ಪೌರತ್ವಕ್ಕೆ ಅನರ್ಹನಾದ ಏಷ್ಯದವನನ್ನು ಕೈಹಿಡಿದವಳಿಗೆ ಸಡಿಲಿಕೆ ಇರಲಿಲ್ಲ. 1923ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ಭಾರತೀಯರು ಅನರ್ಹರೆಂದಿತು. ನಮ್ಮ ಸ್ವಾತಂತ್ರ್ಯಕ್ಕಾಗಿ ಹೋರಾಡಿದ ತಾರಕನಾಥ ದಾಸರ ಹೆಂಡತಿ ಮೇರಿ ತನ್ನ ಹುಟ್ಟಿದ ನಾಡಿನಲ್ಲೇ ಪರದೇಶಿಯಾದಳು. ಈ ಕ್ರೌರ್ಯವನ್ನು ಓದಿ ನಾವು ಹಲ್ಲು ಕಡಿಯುತ್ತೇವೆ. ಹೆಣ್ಣಿನ ನೆಲೆಯನ್ನು ಗಂಡನ ಕೊರಳಿಗೆ ಕಟ್ಟುವ ಅದೇ ಹಗ್ಗದ ತುಂಡೊಂದು ನಮ್ಮ ಕಾಯದೆಯಲ್ಲೂ ಇದೆ. ಇಷ್ಟು ವರ್ಷ ಇಲ್ಲಿ ಬಾಳಿದವರ ಕಾರ್ಡನ್ನು ಮದುವೆ ಮುರಿದ ಮಾತ್ರಕ್ಕೆ ಮುಟ್ಟಕೂಡದು ಎಂದು ಕಾಯದೆಯನ್ನು ತಿದ್ದಬೇಕು. ನಮ್ಮ ಲೋಕಸಭಾ ಸದಸ್ಯರಿಗೆ ಇದು ತಿಳಿಯದಿದ್ದರೆ ತಿಳಿದವರು ಹೇಳಲಿ.

ಈ ಕಾನೂನಿನಲ್ಲಿ ಒಂದು ನಗೆಯ ಸಂಗತಿಯೂ ಇದೆ. ಮರಳಿ ಬಂದ ಹುಡುಗರಲ್ಲಿ ಎಷ್ಟೋ ಮಂದಿ ಅಲ್ಲಿಯ ಪಾಸ್‌ಪೋರ್ಟು ತೆಗೆದುಕೊಂಡೇ ಬಂದಿರುತ್ತಾರೆ. ತೆಗೆದುಕೊಂಡ ಕ್ಷಣವೇ ಭಾರತದ ಪೌರತ್ವ ಹೋಯಿತು. ಅಂದರೆ ಕಾಯದೆಯ ಕಣ್ಣಿನಲ್ಲಿ ಗಂಡನೂ ಪರದೇಶದವನೇ, ಹೆಂಡತಿಯೂ ಪರದೇಶದವಳೇ. ನಮ್ಮ ಪುರಸಭೆಯ ಚುನಾವಣೆಯಲ್ಲಿ ಇಬ್ಬರಿಗೂ ಮತವಿಲ್ಲ. ಆದರೂ ಊರು ಅವನನ್ನು 'ಬಂದ್ಯೇನಪಾ ತಮ್ಮಾ' ಎನ್ನುತ್ತದೆ, ಆಕೆಯನ್ನು 'ಹೊಂದಿಕೊಂಡಾಳೇನು?' ಎನ್ನುತ್ತದೆ. ಅವನಿಗೆ ಕನ್ನಡವಿದೆ, ಆಕೆಗಿಲ್ಲ. ಕಾಗದಪತ್ರವನ್ನೆಲ್ಲ ಬದಿಗಿಟ್ಟರೆ ಇಬ್ಬರಿಗೂ ಇರುವ ಅಂತರ ಅಷ್ಟೇ.

'ಒಂದೆರಡು ಮನೆಯ ಮಾತು ಇದು, ಪತ್ರಿಕೆಗೆ ಏಕೆ?' ಎಂದು ಕೇಳುವವರುಂಟು. ಒಂದೆರಡು ಮನೆಯಾದರೆ ಹೋಗಲಿ ಬಿಡಿ ಎನ್ನಬಹುದೆ? ಬೆಂಗಳೂರಿನಲ್ಲಿ ನೌಕರಿ ಮಾಡುತ್ತ ಅಸ್ಸಾಮಿನವಳನ್ನೋ ಬಂಗಾಲದವಳನ್ನೋ ಮದುವೆಯಾಗಿ ದೀಪಾವಳಿಗೆ ಊರಿಗೆ ಕರೆತರುವ ಹುಡುಗರ ಮನೆಗಳಲ್ಲೂ ಇದೇ ಸುಂಕದ ಕಟ್ಟೆ ಇದೆ. ಅಲ್ಲಿ ದುಭಾಷಿಯ ಭಾಷೆ ಹಿಂದಿ, ಅಷ್ಟೇ ವ್ಯತ್ಯಾಸ. ಮುಂದಿನ ವರ್ಷಗಳಲ್ಲಿ ಇಂಥ ಸೊಸೆಯಂದಿರು, ಅಳಿಯಂದಿರು ಹೆಚ್ಚಾಗಿ ಬರುವವರೇ. ಬರಲಿ.

ಅದಕ್ಕಾಗಿ ಈ ಪತ್ರಿಕೆಯ ಮೂಲಕ ಒಂದು ಮಾತು ತಿಳಿಸುತ್ತೇನೆ. ಗುಳೇದಗುಡ್ಡಕ್ಕೂ ಸುತ್ತಲಿನ ಊರುಗಳಿಗೂ ಹೊರಗಿನಿಂದ ಬಂದ ಯಾವ ಸೊಸೆಗೇ ಆಗಲಿ, ಅಳಿಯನಿಗೇ ಆಗಲಿ ನಾನು ಕನ್ನಡ ಕಲಿಸಲು ಸಿದ್ಧ. ಸಂಜೆ ಐದರ ಮೇಲೆ ಯಾವ ದಿನವಾದರೂ ಆದೀತು. ಫೀ ಬೇಡ; ಚಹಾ ಮನೆಯಲ್ಲಿ ಕುಡಿದೇ ಬರುತ್ತೇನೆ. ಮೊದಲನೆಯ ವಾರ 'ಯಾಕ?', 'ಒಲ್ಲೆ', 'ಎಷ್ಟು ಕೊಟ್ರಿ?' ಎಂಬುದರಿಂದ ಆರಂಭ, ಎರಡನೆಯ ವಾರ ಬೈಗುಳ. ಅತ್ತೆ ಕೂಡಬಹುದು, ಮಾವ ಕೂಡಬಹುದು, ನೆರೆಮನೆಯವರು ಬಂದರೆ ಇನ್ನೂ ಒಳ್ಳೆಯದು. ಒಂದೇ ಷರತ್ತು: ಪಾಠದ ಹೊತ್ತಿನಲ್ಲಿ ಗಂಡ ಆ ಕೋಣೆಯಲ್ಲಿ ಇರಕೂಡದು.